ನೆಲಕ್ಕೆ ತಾಗದ ತೋಟ

ಮಗಳು ಏಳನೇ ತರಗತಿಯಲ್ಲಿದ್ದಾಗ ಶಾಲೆಯ ಪ್ರದರ್ಶನಕ್ಕೆ ಅಜ್ಟೆಕ್ ಜನರ ಕೆರೆ ತೋಟದ ಮಾದರಿ ಮಾಡಬೇಕಾಗಿ ಬಂತು. ಮೆಕ್ಸಿಕೋದಲ್ಲಿ ಕೆರೆಯ ನಡುವೆ ಊರು ಕಟ್ಟಿ, ನೀರಿನಲ್ಲೇ ಮೆಕ್ಕೆಜೋಳ ಬೆಳೆದವರು ಅವರು. ಅಲ್ಲಿಯವರೆಗೆ ಅವಳ ಎಲ್ಲ ಮಾದರಿಗಳನ್ನೂ ಹೆಂಡತಿಯೇ ಮಾಡಿಕೊಟ್ಟಿದ್ದಳು. ಈ ಸಲ ಮಗಳು ನನ್ನ ಹತ್ತಿರ ಬಂದಳು. ನನಗಾದ ಹಿಗ್ಗು ಹೇಳತೀರದು. ಅವಳ ಕಣ್ಣಲ್ಲಿ ದೊಡ್ಡ ಎಂಜಿನಿಯರ್ ಅನ್ನಿಸಿಕೊಳ್ಳಲೇಬೇಕು ಎಂದು ಹಟ ಹಿಡಿದೆ.

ಮರಾಠಿ ಸೀಮೆಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ. ಮಗಳ ಪಾಠದ ಪುಸ್ತಕದಲ್ಲಿ ಚಿತ್ರದ ಕೆಳಗೆ ‘ತೇಲುವ ತೋಟ’ ಎಂದಿತ್ತು. ಅಷ್ಟೇ ಓದಿ ಮುಚ್ಚಿಟ್ಟೆ. ಥರ್ಮಾಕೋಲ್ ಕೊರೆದೆ, ಅಲ್ಯೂಮಿನಿಯಂ ತಗಡಿನ ಅಂಚು ಕಟ್ಟಿದೆ, ಮಣ್ಣನ್ನು ತೂಗಿ ತೂಗಿ ಚಮಚದಿಂದ ಹಾಕಿದೆ.

ಒಲೆಯ ಮುಂದಿನಿಂದ ಹೆಂಡತಿ ಅಂದಳು, “ಅದು ಖರೇ ತೇಲೂದಿಲ್ಲಂತರಿ. ಗೂಟ ಬಡದು, ಬುಟ್ಟಿ ಹೆಣದಂಗ ಬೇಲಿ ಹೆಣದು, ಒಳಗ ಕೆಸರ ತುಂಬ್ತಿದ್ರಂತ. ಮುಂದಿನ ಪುಟದಾಗ ಬರದಾರ.”

“ನೀ ರೊಟ್ಟಿ ಕಡೆ ನೋಡು. ವಜನ್ ಕಮ್ಮಿ ಆದ್ರ ಏನ್ ಬೇಕಾದ್ರೂ ತೇಲ್ತದ,” ಅಂದೆ.

ಮಗಳು ಮಣ್ಣಿನ ಮೇಲೆ ಮೆಂತ್ಯ ಬಿತ್ತಿದಳು.

ಪ್ರದರ್ಶನದ ದಿನ ಟಬ್ಬಿನಲ್ಲಿ ತೋಟ ತೇಲಿತು. ಬಹಳವೇ ತೇಲಿತು. ಯಾರೋ ಫ್ಯಾನ್ ಹಾಕಿದ ಕೂಡಲೇ ಮೆಂತ್ಯ ಸಮೇತ ಹೊರಟು, ಟಬ್ಬಿನ ನಡುವೆ ಕಲ್ಲಿನ ಮೇಲೆ ನಿಲ್ಲಿಸಿದ್ದ ರಟ್ಟಿನ ದೇವಾಲಯಕ್ಕೆ ಗುದ್ದಿ, ಅದನ್ನು ನೀರಿಗೆ ಕೆಡವಿ, ಇನ್ನೊಂದು ಸುತ್ತಿಗೆ ಹೊರಟಿತು. ಪಾಲಕರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮೆಲ್ಲಗೆ ಬಾಗಿಲ ಹಿಂದೆ ಸರಿದೆ.

ನಿಜವಾದ ತೋಟವೂ ಹೀಗೇ ತಿರುಗಾಡುತ್ತಿತ್ತೇ ಎಂದು ತೀರ್ಪುಗಾರ ಮೇಷ್ಟ್ರು ಕೇಳಿದರು.

ಮಗಳು ಮರಾಠಿಯಲ್ಲಿ ಉತ್ತರ ಕೊಟ್ಟಳು: “ಇಲ್ಲ ಸರ್. ಗೂಟ ನೆಟ್ಟು, ಕೆರೆಯ ತಳದಿಂದಲೇ ಕೆಸರು ಏರಿಸುತ್ತಿದ್ದರು. ಅದು ಅಲ್ಲಾಡುತ್ತಲೇ ಇರಲಿಲ್ಲ. ಆದರೆ ನಮ್ಮ ಪಪ್ಪಾ ವಿಮಾನದವರು. ನೆಲಕ್ಕೆ ತಾಗಿದ್ದು ಅವರಿಗೆ ಸೇರುವುದಿಲ್ಲ. ಮೂರು ಸಂಜೆ ಕೂತು ಎಷ್ಟು ಖುಷಿಯಿಂದ ಮಾಡಿದರು ಗೊತ್ತಾ? ಬೇಡ ಅನ್ನಲು ಮನಸ್ಸಾಗಲಿಲ್ಲ.”

ಅಂದರೆ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ನಾಚಿಕೆಯೂ ಆಯಿತು, ಅಳುವೂ ಬಂತು.

ಬಹುಮಾನ ಬರಲಿಲ್ಲ. ಸ್ಕೂಟರಿನ ಹಿಂದೆ ಟಬ್ಬು ತಬ್ಬಿಕೊಂಡು ಕೂತವಳು ತನ್ನ ಬೆರಕೆ ಕನ್ನಡದಲ್ಲಿ ಕೇಳಿದಳು, “ಪಪ್ಪಾ, ನೆಕ್ಸ್ಟ್ ಇಯರ್ ಭೀ ನೀವೇ ಮಾಡ್ತೀರಿ ನಾ?”

“ಮಾಡ್ತೀನವ್ವಾ,” ಅಂದೆ. “ಆದ್ರ ಮೊದ್ಲ ನಿಮ್ಮ ಮಮ್ಮಿ ನೋಡಿ ಪಾಸ್ ಮಾಡ್ಲಿ.”