ಲೆಕ್ಕದಲ್ಲಿ ಕುಬಸ ಎಲ್ಲೈತಿ?

ಸತ್ಯ ತಿಳಿಯಬೇಕಾದರೆ ಎಷ್ಟು ಜನರನ್ನು ಪರೀಕ್ಷಿಸಬೇಕು ಎಂಬುದು ಮನುಕುಲವನ್ನು ಬಹುಕಾಲದಿಂದ ಕಾಡುತ್ತಾ ಬಂದಿರುವ ಗಹನವಾದ ಪ್ರಶ್ನೆ. ನಾನು ಓದಿದ ವೈದ್ಯಕೀಯ ಕಾಲೇಜಿನಲ್ಲಿ ಮಾತ್ರ ಅದು ಯಾರನ್ನೂ ಕಾಡಿರಲಿಲ್ಲ. ಉತ್ತರ ಮುನ್ನೂರ ಎಂಬತ್ನಾಲ್ಕು ಎಂದು ಎಲ್ಲರಿಗೂ ಗೊತ್ತಿತ್ತು.

ಹಲ್ಲಿನ ಹುಳುಕಾಗಲಿ, ಕಣ್ಣಿನ ಪೊರೆಯಾಗಲಿ, ಪ್ರಬಂಧ ಯಾವುದಾದರೂ ಸಂಖ್ಯೆ ಅದೇ. ಹಿರಿಯ ವಿದ್ಯಾರ್ಥಿಗಳು ಹಾಸ್ಟೆಲ್ ಬಿಡುವಾಗ ಬಕೀಟು, ಟೇಬಲ್ ಫ್ಯಾನುಗಳ ಜೊತೆ ಇದನ್ನೂ ಕಿರಿಯರಿಗೆ ಬಿಟ್ಟು ಹೋಗುತ್ತಿದ್ದರು.

ಕಳೆದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಬಂದು, "ಸರ್, ಸ್ಯಾಂಪಲ್ ಸೈಜ್ ಎಷ್ಟು ಬರೀಲಿ?" ಎಂದು ಕೇಳಿದಳು. ಟೊಮೆಟೊ ಎಷ್ಟು ತರಲಿ ಎಂದು ಕೇಳುವ ಧಾಟಿ. ಪೆನ್ನು ಹುಡುಕಲು ಮೇಜಿನ ಕೆಳಗಿನ ಖಾನೆ ಎಳೆದೆ. ಪೆನ್ನು ಸಿಗಲಿಲ್ಲ. ಕಬ್ಬಿಣಾಂಶದ ಮಾತ್ರೆಗಳ ಒಂದು ಹಳೆಯ ಪಟ್ಟಿ ಸಿಕ್ಕಿತು. ಹಾಳೆ ಹರಿದು ಒಳಗಿನ ಮಾತ್ರೆ ಪುಡಿಯಾಗಿತ್ತು. ತುಕ್ಕು ಹಿಡಿದ ಟ್ರಂಕಿನ ಮುಚ್ಚಳ ತೆಗೆದ ಹಾಗೆ ಒಂದು ವಾಸನೆ... ಹುಡುಗಿ ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದಳು. ನಾನು ಆಗಲೇ, ನನ್ನ ಪ್ರಬಂಧಕ್ಕೆಂದು ಬಂದ ವಿದ್ಯಾರ್ಥಿಯಾಗಿ, ಹಾನಗಲ್ ತಾಲ್ಲೂಕಿನ ತಿಳವಳ್ಳಿಯಿಂದ ಒಳಗಿನ ಒಂದು ಹಳ್ಳಿಯಲ್ಲಿ, ಎರಡು ಕೋಣೆಯ ಆರೋಗ್ಯ ಉಪಕೇಂದ್ರದ ಕಟ್ಟೆಯ ಮೇಲೆ ಕುಳಿತಿದ್ದೆ.

ಅಲ್ಲಿದ್ದರು ನರ್ಸಬಾಯಿ. ಅವರಿಗೆ ಹೆಸರಿತ್ತು, ಸರ್ಕಾರಿ ಕಾಗದ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಗಿಡ್ಡ ಆಳು, ಹೆಗಲಿಗೆ ರಿಜಿಸ್ಟರ್ ತುಂಬಿದ ಚೀಲ, ಬೇಸಗೆ ಮಳೆಗಾಲವೆನ್ನದೆ ಕಂಕುಳಲ್ಲಿ ಒಂದು ಕೊಡೆ. ಆ ಕೊಡೆಯನ್ನು ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಬಾಗಿಲು ಬಡಿಯುವುದಕ್ಕೆ ಬಳಸುತ್ತಿದ್ದರು.

ಉಪಕೇಂದ್ರದ ಹಿಂದೆ ಅವರೇ ನೆಟ್ಟ ಒಂದು ನಿಂಬೆಗಿಡವಿತ್ತು. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವಾಗ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆಯೇ ನುಂಗಬೇಕು ಎಂಬುದು ಅವರ ಶಾಸನ. ನುಂಗುವ ತನಕ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ನುಂಗಿದ ಮೇಲೆ "ಬಾಯಿ ತಗಿ, ನಾಲಿಗಿ ಎತ್ತು" ಎಂದು ತಪಾಸಣೆ. ಹುಳಿ ಜೊತೆಯಲ್ಲಿದ್ದರೆ ಕಬ್ಬಿಣ ರಕ್ತಕ್ಕೆ ಬೇಗ ಸೇರುತ್ತದೆ ಎಂದು ಅವರು ಹದಿನೆಂಟು ವರ್ಷಗಳಿಂದ ನಂಬಿದ್ದರು, ನಂಬಿಸಿದ್ದರು.

ನನಗಿಂತ ಮುಂಚೆ ಬಂದಿದ್ದ ಒಬ್ಬ ವಿದ್ಯಾರ್ಥಿ ಇದನ್ನೇ ಪರೀಕ್ಷಿಸಿ ಹೋಗಿದ್ದ. ಮೂವತ್ತು ಮಂದಿ ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ನಿಂಬೆ, ಅರ್ಧದಷ್ಟು ಜನಕ್ಕೆ ಬರೀ ನೀರು. ಕೊನೆಗೆ ಅವನ ಕೈಗೆ ಸಿಕ್ಕವರು ಹನ್ನೊಂದು ಮಂದಿ. ನಿಂಬೆಯಿಂದ ಪ್ರಯೋಜನವಿಲ್ಲವೆಂದು ಬರೆದು ಪದವಿ ಪಡೆದ. ಅದನ್ನು ಓದಿದ ಒಬ್ಬ ಅಧಿಕಾರಿ, ನಿಂಬೆಹಣ್ಣಿನ ಪ್ರಚಾರ ನಿಲ್ಲಿಸತಕ್ಕದ್ದು ಎಂದು ಪತ್ರ ಕಳಿಸಿದರು. ನರ್ಸಬಾಯಿ ಆ ಪತ್ರವನ್ನು ಭಕ್ತಿಯಿಂದ ರಿಜಿಸ್ಟರಿನ ನಡುವೆ ಮಡಚಿಟ್ಟು, ನಿಂಬೆ ಹಿಂಡುವುದನ್ನು ಮುಂದುವರಿಸಿದ್ದರು.

"ಇಲ್ಲ ಅನ್ನೂದು ಬ್ಯಾರೆ, ಕಾಣಲಿಲ್ಲ ಅನ್ನೂದು ಬ್ಯಾರೆರಿ," ಎಂದರು ಮೊದಲ ದಿನವೇ. "ಹನ್ನೊಂದ ಮಂದಿಯಾಗ ಆನಿ ಹ್ವಾದ್ರೂ ಕಾಣಂಗಿಲ್ಲ. ಇನ್ನ ನಿಂಬಿಹಣ್ಣೇನ ಕಂಡೀತು? ನೀವರ ಸರಿಯಾಗಿ ನೋಡ್ರಿ. ಹೌದಾದ್ರ ಹೌದು ಅನ್ರಿ, ಅಲ್ಲಾದ್ರ ಅಲ್ಲ ಅನ್ರಿ. ನಾ ಕೇಳತೇನಿ."

ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಇಡೀ ವರ್ಷ ಕಪ್ಪುಹಲಗೆಯ ಮೇಲೆ ಹೇಳಲು ಯತ್ನಿಸಿ ಸೋತದ್ದು ಇದೇ ಮಾತು. ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ಎಷ್ಟ ಮಂದಿನ್ನ ನೋಡಾವ್ರು?"

"ಮುನ್ನೂರ ಎಂಬತ್ನಾಲ್ಕು," ಎಂದೆ, ಸಾಕಷ್ಟು ಗಾಂಭೀರ್ಯದಿಂದ.

"ಯಾಕ?"

ನಮ್ಮ ವಿಭಾಗದಲ್ಲಿ ಯಾರೂ ಯಾರನ್ನೂ ಕೇಳದಿದ್ದ ಪ್ರಶ್ನೆ ಅದು. ನಾನು ಮರುದಿನದ ಬಸ್ಸಿಗೆ ಕಾಲೇಜಿಗೆ ಹೋಗಿ ನನ್ನ ಮಾರ್ಗದರ್ಶಕರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಊರಿನಲ್ಲಿ ಎಷ್ಟು ಪಾಲು ಜನಕ್ಕೆ ಒಂದು ಕಾಯಿಲೆಯಿದೆ ಎಂದು ಅಂದಾಜು ಮಾಡುವವರ ಸಂಖ್ಯೆ ಅದು. ನೀನು ಮಾಡಹೊರಟಿರುವುದು ಎರಡು ಗುಂಪುಗಳ ಹೋಲಿಕೆ. ಎಷ್ಟು ದೊಡ್ಡ ವ್ಯತ್ಯಾಸ ಹುಡುಕುತ್ತಿದ್ದೀಯ ಎಂದು ಮೊದಲು ಹೇಳು, ಆಮೇಲೆ ಲೆಕ್ಕ ಎಂದರು. ವ್ಯತ್ಯಾಸ ಎಷ್ಟೆಂದು ಇಟ್ಟುಕೊಳ್ಳಲಿ ಎಂದರೆ, "ಆ ಹೆಂಗಸರನ್ನ ದಿನಾ ನೋಡೋರನ್ನ ಕೇಳು" ಎಂದು ಕನ್ನಡಕ ಹಾಕಿಕೊಂಡರು.

ಹೀಗೆ ವಿಜ್ಞಾನವು ನನ್ನನ್ನು ಅದೇ ಬಸ್ಸಿನಲ್ಲಿ ವಾಪಸ್ಸು ಕಳಿಸಿತು.

ನರ್ಸಬಾಯಿ ನನ್ನನ್ನು ನೀರಿನ ಟಾಕಿಯ ಹತ್ತಿರ ಕರೆದುಕೊಂಡು ಹೋದರು. ಹೆಂಗಸರು ಕೊಡ ತುಂಬುತ್ತಿದ್ದರು. "ಆ ಹಸಿರ ಸೀರಿಯಾಕಿನ್ನ ನೋಡ್ರಿ. ಕೊಡ ಎತ್ತೂಕಿಂತ ಮದ್ಲ ಒಮ್ಮಿ ನಿಂತು ಉಸರ ತಗೊಂಡ್ಳು, ಕಂಡ್ರ್ಯಾ? ಎಂಟು ಪಾಯಿಂಟ್ ಐತಿ ರಕ್ತ. ಬಾಜೂಕಿನಾಕಿ ನಿಲ್ಲಲಿಲ್ಲ. ಒಂಬತ್ತರ ಮ್ಯಾಲ ಐತಿ." ಸಂಜೆ ರಿಜಿಸ್ಟರ್ ತೆಗೆಸಿ ನೋಡಿದೆ. ಎರಡೂ ಸರಿಯಿತ್ತು. "ಒಂದು ಪಾಯಿಂಟ್ ಏರಿದ್ರ ಆಕಿಗೆ ಗೊತ್ತಾಗತೈತಿ. ಅರ್ಧ ಏರಿದ್ರ ನಿಮ್ಮ ಮಶೀನಿಗಷ್ಟ ಗೊತ್ತಾಗತೈತಿ. ನೀವು ಯಾರಿಗೆ ಔಷಧ ಕೊಡಾಕ ಬಂದೀರಿ?"

ಒಂದು ಪಾಯಿಂಟ್ ಹಿಮೋಗ್ಲೋಬಿನ್ ಎಂದು ಬರೆದುಕೊಂಡೆ. ಹುಡುಕುವ ವ್ಯತ್ಯಾಸವನ್ನು ಅರ್ಧ ಮಾಡಿದರೆ ಬೇಕಾಗುವ ಹೆಂಗಸರ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ ಎಂದು ನಾನು ನನ್ನ ವಿದ್ಯೆ ಪ್ರದರ್ಶಿಸಿದೆ. ಅವರು ಬೆರಗಾಗಲಿಲ್ಲ. ಸಣ್ಣ ಕಲ್ಲು ಹುಡುಕಬೇಕಾದರೆ ಅಕ್ಕಿಯನ್ನು ಹೆಚ್ಚು ಹೊತ್ತು ಆರಿಸಬೇಕಲ್ಲ ಎನ್ನುವ ಮುಖ ಮಾಡಿದರು.

ಇನ್ನೊಂದು ತೀರ್ಮಾನ ಬಾಕಿಯಿತ್ತು. ನಿಂಬೆಯಲ್ಲಿ ನಿಜವಾಗಿ ಗುಣವಿದ್ದರೂ ಇಂಥ ಪರೀಕ್ಷೆ ಹತ್ತು ಸಲ ಮಾಡಿದರೆ ಎಂಟು ಸಲ ಅದು ಕಾಣಬೇಕು, ಎರಡು ಸಲ ತಪ್ಪಿಸಿಕೊಳ್ಳಬಹುದು, ಅಷ್ಟಕ್ಕೆ ಪುಸ್ತಕದ ಒಪ್ಪಿಗೆಯಿದೆ ಎಂದು ವಿವರಿಸಿದೆ. ನರ್ಸಬಾಯಿ ರಿಜಿಸ್ಟರಿನ ನಡುವೆ ಮಡಚಿಟ್ಟಿದ್ದ ಪತ್ರದ ಕಡೆ ನೋಡಿದರು.

"ಹತ್ತರಾಗ ಒಂಬತ್ತು ಸಲ ಕಾಣೂವಂಗ ಮಾಡ್ರಿ ಡಾಕ್ಟರ್ರ. ನನಗ ಆಗಲೇ ಒಮ್ಮಿ ತಪ್ಪೇತಿ."

ಅದಕ್ಕೆ ಮೂರನೇ ಒಂದರಷ್ಟು ಹೆಂಗಸರು ಹೆಚ್ಚು ಬೇಕಾಗುತ್ತಾರೆ ಎಂದೆ. ತರುವ ಜವಾಬ್ದಾರಿ ತಮ್ಮದು ಎಂದರು. ಲೆಕ್ಕ ಹಾಕಿದಾಗ ಎರಡೂ ಗುಂಪು ಸೇರಿ ತೊಂಬತ್ತೆಂಟು ಬಂತು. ಮುನ್ನೂರ ಎಂಬತ್ನಾಲ್ಕರಿಂದ ತೊಂಬತ್ತೆಂಟಕ್ಕೆ! ನನಗೆ ಕೆಲಸ ಉಳಿಯಿತೆಂದು ಹಿಗ್ಗು. ಅವರು ಬೇರೆಯೇ ಕೂಡಿಸಿ ಕಳೆಯುತ್ತಿದ್ದರು. "ನೋಡ್ರಿ, ಸುಮ್ಮಸುಮ್ಮನ ಎಷ್ಟ ಬೆರಳ ಚುಚ್ಚತಿದ್ರಿ ನೀವು!"

ಬೆರಳು ಚುಚ್ಚಿ ರಕ್ತ ತೆಗೆಯುವುದೇ ನಮ್ಮ ಪರೀಕ್ಷೆ. ಐದನೇ ತಿಂಗಳಲ್ಲೊಮ್ಮೆ, ಒಂಬತ್ತನೇ ತಿಂಗಳಲ್ಲೊಮ್ಮೆ. ನನಗೆ ಅದು ಸಂಖ್ಯೆ, ಅವರಿಗೆ ಬೆರಳು. ಆ ಕ್ಷಣದಿಂದ ನನಗೆ ಯಾವ ಪ್ರಬಂಧದ ಅಂಕಿಯನ್ನು ನೋಡಿದರೂ ಅಷ್ಟು ಕೈಗಳು ಮುಂದೆ ಚಾಚಿಕೊಂಡು ನಿಂತ ಹಾಗೆ ಕಾಣುತ್ತದೆ... ಒಂದು ಹೆಚ್ಚಾದರೂ ಅನ್ಯಾಯ. ಕಡಿಮೆಯಾದರೆ, ಚುಚ್ಚಿದ್ದೆಲ್ಲವೂ ಅನ್ಯಾಯ.

ನಡುವೆ ಬಿಟ್ಟು ಹೋಗುವವರಿಗೆಂದು ನೂರಕ್ಕೆ ಹತ್ತರಷ್ಟು ಸೇರಿಸಿಕೊಳ್ಳಬೇಕು ಎಂದು ಪುಸ್ತಕದಲ್ಲಿತ್ತು. ಸೇರಿಸಿ, ನೂರಾ ಹತ್ತು ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದೆ. ನರ್ಸಬಾಯಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಲ್ಲಾ ಛಲೋ ಐತ್ರಿ. ಈ ಲೆಕ್ಕದಾಗ ಕುಬಸ ಎಲ್ಲೈತಿ?"

ಏಳನೇ ತಿಂಗಳಲ್ಲಿ ತವರಿನವರು ಬಂದು, ಹಸಿರು ಸೀರೆ ಉಡಿಸಿ, ಕುಬಸದ ಶಾಸ್ತ್ರ ಮಾಡಿ, ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಸವಣೂರಿನ ಮುಸಲ್ಮಾನರ ಮನೆಗಳಲ್ಲೂ ಏಳನೇ ತಿಂಗಳ ಶಾಸ್ತ್ರವಿದೆ, ಹೆಸರಷ್ಟೇ ಬೇರೆ. ನಾನು ಇದೇ ಸೀಮೆಯಲ್ಲಿ ಹುಟ್ಟಿದವನು. ನನ್ನ ಅಕ್ಕನ ಕುಬಸದಲ್ಲಿ ಹೋಳಿಗೆ ತಿಂದು ಅಜೀರ್ಣ ಮಾಡಿಕೊಂಡವನು. ಆದರೂ ಐದನೇ ತಿಂಗಳಲ್ಲಿ ಹಾನಗಲ್ ತಾಲ್ಲೂಕಿನಲ್ಲಿ ನೋಡಿದ ಸೊಸೆ ಒಂಬತ್ತನೇ ತಿಂಗಳಲ್ಲೂ ಅದೇ ಬಾಗಿಲಲ್ಲಿ ನನ್ನ ಸೂಜಿಗಾಗಿ ಕಾದಿರುತ್ತಾಳೆಂದು ಲೆಕ್ಕ ಹಾಕಿದ್ದೆ. ಮೂವತ್ತು ಮಂದಿ ಹನ್ನೊಂದಾಗಿದ್ದು ಹೇಗೆಂದು ಆಗ ಹೊಳೆಯಿತು. ಉಳಿದವರು ಓಡಿಹೋಗಿರಲಿಲ್ಲ. ತವರಿಗೆ ಹೋಗಿದ್ದರು.

ಹಾಗಾದರೆ ಇನ್ನೂರು ಮಂದಿಯನ್ನು ಸೇರಿಸೋಣ, ಅರ್ಧ ಹೋದರೂ ಅರ್ಧ ಉಳಿಯುತ್ತಾರೆ ಎಂದೆ.

"ಬ್ಯಾಡ್ರಿ. ಉಳದಾಕಿನೂ ಹ್ವಾದಾಕಿನೂ ಒಂದ ಅಲ್ಲ. ತವರಿಗೆ ಹ್ವಾದಾಕಿ ಉಂಡು ಮಲಗತಾಳ. ಉಳದಾಕಿ ಕೊಡ ಹೊರತಾಳ. ಬರೇ ಉಳದಾಕಿನ್ನ ನೋಡಿ ಎಲ್ಲಾರ ಮಾತ ಹ್ಯಾಂಗ ಹೇಳತೀರಿ? ಮತ್ತ ಹೋಗೋರೇನು ಪರದೇಶಕ್ಕ ಹೋಗತಾರನು? ಹುಡಕೂಣು."

ಅವರು ಗೋಡೆಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಅದರ ಬೆನ್ನಿಗೆ ನಾಲ್ಕು ತಾಲ್ಲೂಕು ಬರೆದರು. ಆಮೇಲೆ ಗೆರೆ ಎಳೆಯುತ್ತಾ ಹೋದರು. ಈ ಓಣಿಯ ಸೊಸೆಯರು ಹಿರೇಕೆರೂರ ಕಡೆಯವರು, ಆ ಓಣಿಗೆ ಹತ್ತಿಮತ್ತೂರಿನಿಂದ ತರುತ್ತಾರೆ, ಶಿಗ್ಗಾವಿಯಿಂದ ಇಬ್ಬರು, ಗೊಟಗೋಡಿಯಿಂದ ಅಕ್ಕತಂಗಿಯರು... ಯಾವ ಪುಸ್ತಕವನ್ನೂ ನೋಡಲಿಲ್ಲ. ಹಾಳೆ ಜೇಡರ ಬಲೆಯಂತಾಯಿತು. ನಾಲ್ಕೂ ತಾಲ್ಲೂಕುಗಳು ಹೆಣ್ಣು ಕೊಟ್ಟು ತಂದು ಒಂದೇ ಮನೆಯಾಗಿದ್ದವು. ಸರ್ಕಾರದ ನಕ್ಷೆಯಲ್ಲಿ ಗಡಿಗಳಿದ್ದ ಕಡೆ ಇಲ್ಲಿ ಬೀಗರಿದ್ದರು. ನಾನು ಸಂಶೋಧನೆಯ ವಿನ್ಯಾಸ ಎಂಬ ಪದವನ್ನು ಅನೇಕ ಸಲ ಬಳಸಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಪ್ರತಿಯೊಬ್ಬಳ ಕಾರ್ಡಿನ ಮೇಲೆ ಎರಡು ಊರು ಬರೆದೆವು, ಗಂಡನ ಮನೆ ಮತ್ತು ತವರು. ತರಬೇತಿಯ ಕಾಲದ ಅವರ ಗೆಳತಿಯರು ನಾಲ್ಕೂ ತಾಲ್ಲೂಕುಗಳಲ್ಲಿ ನರ್ಸುಗಳಾಗಿದ್ದರು. ಫೋನಿನಲ್ಲಿ ಆಜ್ಞೆ ಹೊರಟಿತು: "ನಿನ್ನ ಊರಿನ ಮಗಳು ಬರಾಕತ್ತಾಳ. ನೀರಿನ ಗುಂಪಿನಾಕಿ. ಪ್ರೀತಿಗೆ ಅಂತ ನಿಂಬಿಹಣ್ಣು ಹಿಂಡಿಗಿಂಡಿ ಜ್ವಾಕಿ!" ತಮ್ಮ ನಿಂಬೆಯನ್ನು ಗೆಲ್ಲಿಸಲು ಅವರಿಗೆ ಇದ್ದಷ್ಟು ಅವಕಾಶ ಬೇರೆ ಯಾರಿಗೂ ಇರಲಿಲ್ಲ. ನೀರಿನ ಗುಂಪಿನ ಹೊಸ್ತಿಲಲ್ಲೂ ಅವರು ಅಷ್ಟೇ ಹೊತ್ತು ನಿಂತರು, ಅಷ್ಟೇ ಕಟ್ಟುನಿಟ್ಟಾಗಿ ನಾಲಿಗೆ ಎತ್ತಿಸಿದರು.

ನಾನು ಬಸ್ಸು ಹತ್ತಿ ಇಳಿಯುತ್ತಾ ಒಂಬತ್ತನೇ ತಿಂಗಳಿನವರನ್ನು ಹುಡುಕಿಕೊಂಡು ತಿರುಗಿದೆ. ಸವಣೂರಿನ ಒಂದು ಮನೆಯಲ್ಲಿ ಬಸುರಿಯ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ರೀ ಸಾಹೇಬ್ರ, ಅಲ್ಲೊಮ್ಮಿ ಚುಚ್ಚಿದ್ದು ಸಾಲದಂತ ಬೆನ್ನ ಹತ್ತಿ ಇಲ್ಲೀತನಕ ಬಂದ್ರೇನು? ಆಕಿ ಗಂಡನೂ ಇನ್ನ ಬಂದಿಲ್ಲ ನೋಡ್ರಿ," ಎಂದಳು. ಮನೆಯವರೆಲ್ಲ ನಕ್ಕರು. ಹುಡುಗಿ ನಗುತ್ತಲೇ ಬೆರಳು ಚಾಚಿದಳು.

ನೂರಾ ಹತ್ತರಲ್ಲಿ ನೂರಾ ಒಂದು ಮಂದಿ ಸಿಕ್ಕರು.

ಫಲಿತಾಂಶ ಬಂದಾಗ ಅದನ್ನು ಹೇಳಲು ಹೋದ ಬಸ್ಸು ತೀರಾ ಬೇಗ ತಲುಪಿತೆನ್ನಿಸಿತು. ನರ್ಸಬಾಯಿ ಕಟ್ಟೆಯ ಮೇಲೆ ಕುಳಿತು ಮಾತ್ರೆಗಳನ್ನು ಎಣಿಸುತ್ತಿದ್ದರು. ಎರಡೂ ಗುಂಪಿನಲ್ಲಿ ರಕ್ತ ಏರಿದೆ, ಎರಡರಲ್ಲೂ ಸುಮಾರು ಅಷ್ಟಷ್ಟೇ ಏರಿದೆ ಎಂದೆ. ಅವರ ಕೈ ನಿಂತಿತು.

"ಎಣಿಕಿ ಸಾಕಾಗಿತ್ತೇನ್ರಿ?"

"ಸಾಕಾಗಿತ್ತು. ಬೇಕಾದ್ದಕ್ಕಿಂತ ಮೂರು ಹೆಚ್ಚೇ ಇತ್ತು."

"ತವರಿಗೆ ಹ್ವಾದೋರು ಬಂದಾರ ಅದರಾಗ?"

"ಬಂದಾರ್ರಿ."

ಅವರು ಗಿಡದ ಕಡೆ ನೋಡಿದರು. ಗಿಡ ಆ ವರ್ಷ ಮೈತುಂಬಾ ಕಾಯಿ ಬಿಟ್ಟಿತ್ತು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ. ರಕ್ತ ಏರಿಸಿದ್ದು ನೀವು ಹೊಸ್ತಿಲಲ್ಲಿ ನಿಂತದ್ದು, ನಾಲಿಗೆ ಎತ್ತಿಸಿದ್ದು ಎಂದೇನೋ ಹೇಳಬೇಕೆಂದಿದ್ದೆ. ಅವರು ಕೈಯೆತ್ತಿ ತಡೆದರು.

"ಈಗ ನಂಬತೇನಿ," ಎಂದರು. "ಈ ಕಾಯಿ ಎಲ್ಲಾ ಉಪ್ಪಿನಕಾಯಿ ಹಾಕೂದ ಇನ್ನ. ನಿಮಗೂ ಒಂದು ಡಬ್ಬಿ ಕೊಡತೇನಿ, ಹುಳಿ ಅಂತ ಬೈಕೋಬ್ಯಾಡ್ರಿ."

ಮರುದಿನ ಬೆಳಿಗ್ಗೆ ನಾನು ಅವರ ಜೊತೆ ಓಣಿ ಸುತ್ತಿದೆ. ಹದಿನೆಂಟು ವರ್ಷ ನಿಂಬೆ ಹಿಂಡಿಸಿದ ಬಾಗಿಲುಗಳನ್ನು ಒಂದೊಂದಾಗಿ ಕೊಡೆಯಿಂದ ಬಡಿದು, "ಇವತ್ತಿನಿಂದ ನಿಂಬಿಹಣ್ಣು ಬ್ಯಾಡವ್ವ. ನಾ ಹೇಳಿದ್ದು ತಪ್ಪಿತ್ತು. ನೀರಿನಾಗ ನುಂಗು. ನಾಲಿಗಿ ಎತ್ತು," ಎಂದರು. ಪ್ರತಿ ಬಾಗಿಲಿನಲ್ಲೂ ಅದೇ ಮಾತು, ಅದೇ ದನಿ. ಅಧಿಕಾರಿಯ ಪತ್ರಕ್ಕೆ ಬಗ್ಗದವರು ನೂರಾ ಒಂದು ಬೆರಳುಗಳಿಗೆ ಬಗ್ಗಿದ್ದರು. ಆಮೇಲೆ ನಾನು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ದೊಡ್ಡ ದೊಡ್ಡವರನ್ನು ನೋಡಿದ್ದೇನೆ. ತಾವು ಹೇಳಿದ್ದು ತಪ್ಪು ಎಂದು ಮನೆಮನೆಗೆ ಹೋಗಿ ಹೇಳಿ ಬಂದ ಇನ್ನೊಬ್ಬರನ್ನು ನೋಡಿಲ್ಲ.

ಪ್ರಬಂಧದಲ್ಲಿ ಅವರಿಗೆ ಕೃತಜ್ಞತೆ ಬರೆದಿದ್ದೆ, ಕೊನೆಯ ಸಾಲಿನಲ್ಲಿ, ಟೈಪಿಸ್ಟನಿಗಿಂತ ಒಂದು ಹೆಸರು ಮೇಲೆ. ಅದರ ಒಂದು ಪ್ರತಿಯನ್ನು ಅವರಿಗೆ ಕೊಟ್ಟು ಬರಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ... ಹೋದಾಗ ಉಪಕೇಂದ್ರ ಹೊಸ ಕಟ್ಟಡವಾಗಿತ್ತು, ಗಿಡವಿದ್ದ ಜಾಗದಲ್ಲಿ ನೀರಿನ ಸಿಂಟೆಕ್ಸ್ ನಿಂತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತೆಂದು ಹೊಸ ನರ್ಸು ಹೇಳಿದರು. ಕೊಡೆ ಏನಾಯಿತೆಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

"ಸರ್, ಎಷ್ಟು ಬರೀಲಿ?" ವಿದ್ಯಾರ್ಥಿನಿ ಮತ್ತೆ ಕೇಳಿದಳು. ಮಾತ್ರೆಯ ಪಟ್ಟಿಯನ್ನು ಖಾನೆಗೆ ಹಾಕಿ ಮುಚ್ಚಿದೆ. ನೀನು ನೋಡಬೇಕೆಂದಿರುವ ಜನ ನಡುವೆ ಎಲ್ಲಿಗೆ ಹೋಗುತ್ತಾರೆ, ಮೊದಲು ಅದನ್ನು ತಿಳಿದುಕೊಂಡು ಬಾ, ನಾನು ಅದನ್ನು ಕಲಿತದ್ದು ತಿಳವಳ್ಳಿಯ ಕಡೆ ಮಾಡಿದ ಅಧ್ಯಯನದಲ್ಲಿ ಎಂದೆ. ಅವಳು ನನಗೆ ವಯಸ್ಸಾಯಿತೆಂದುಕೊಂಡು ಹೋದಳು. ಎರಡು ದಿನ ಬಿಟ್ಟು, ತಿಳವಳ್ಳಿ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಲು ಬಂದಳು. ನಿಮ್ಮ ಅಧ್ಯಯನದಲ್ಲಿ ಕೊನೆಗೆ ಏನಾಯಿತು ಸರ್ ಎಂದೂ ಕೇಳಿದಳು.

ನಿಂಬೆಹಣ್ಣಿನಿಂದ ವ್ಯತ್ಯಾಸವಾಗಲಿಲ್ಲ, ಎಂದೆ.