ಡಜನ್ ಬಾಳೆಹಣ್ಣಿನ ಪಾಠ

ಪದ್ಮಾಕ್ಷಿ ಮೇಡಂ ರಸಾಯನಶಾಸ್ತ್ರ ಕಲಿಸುವುದು ಬಂಟ್ವಾಳದ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ. ಮನೆ ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ. ಬೆಳಿಗ್ಗೆ ಅಮ್ಮನ ಜೊತೆ ಕೂತು ಮಲ್ಲಿಗೆ ಕಟ್ಟಿಯೇ ಬಸ್ಸು ಹಿಡಿಯುವವರು. ಮನಸ್ಸು ಒಳ್ಳೆಯದು, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಮೋಲ್ ಪಾಠಕ್ಕೆ ವರ್ಷ ವರ್ಷವೂ ಅವರದು ಒಂದೇ ಉದಾಹರಣೆ: ಡಜನ್ ಬಾಳೆಹಣ್ಣು ಅಂದರೆ ಹನ್ನೆರಡು, ಹಾಗೆಯೇ ಮೋಲ್ ಅಂದರೆ ಕಣಗಳ ಒಂದು ಭಾರೀ ದೊಡ್ಡ ಸಂಖ್ಯೆ. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಈ ವರ್ಷ ಪ್ರಥಮ ಪಿಯುಸಿಯ ಜಸ್ನಾ ಕಿರುಪರೀಕ್ಷೆಯಲ್ಲಿ ಮೋಲ್ ಲೆಕ್ಕ ಒಂದನ್ನೂ ಸರಿ ಮಾಡಲಿಲ್ಲ. ಫರಂಗಿಪೇಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟಿರುವ ಉಮ್ಮರ್ ಅವರ ಮಗಳು. ಫಾರ್ಮಸಿ ಓದುತ್ತೇನೆಂದು ಹಟ ಹಿಡಿದು ವಿಜ್ಞಾನ ಸೇರಿದವಳು. ಮೇಡಂ ಎಲ್ಲರೆದುರು, ನಿನ್ನ ಗಮನ ಎಲ್ಲಿರುತ್ತದೆ ಎಂದು ಗದರಿದರು. ಮರುದಿನ ಹುಡುಗಿ ಸ್ಟಾಫ್ ರೂಮಿಗೆ ಬಂದು, ಕಾಮರ್ಸಿಗೆ ಹೋಗುತ್ತೇನೆ, ಶನಿವಾರದವರೆಗೆ ಬದಲಾಯಿಸಬಹುದಂತೆ ಎಂದಳು. ಕಣ್ಣು ತುಂಬಿತ್ತು.

ಮೇಡಂ ಅವಳನ್ನು ಕೂರಿಸಿ ಉತ್ತರಪತ್ರಿಕೆಯನ್ನು ಮತ್ತೊಮ್ಮೆ ನೋಡಿದರು. ಎಲ್ಲ ಕಡೆಯೂ ಒಂದೇ ತಪ್ಪು: ಒಂದು ಮೋಲ್ ಹೈಡ್ರೋಜನ್ನಿಗೂ ಒಂದು ಮೋಲ್ ಆಕ್ಸಿಜನ್ನಿಗೂ ಸಮಸಮ ತೂಕ. ಗಮನವಿಲ್ಲದವರು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಿಲ್ಲ. ಯಾಕೆ ಹೀಗೆ ಬರೆದೆ ಎಂದು ಮೆತ್ತಗೆ ಕೇಳಿದರು.

"ನೀವು ಬಾಳೆಹಣ್ಣು ಅಂದ್ರಿ ಮೇಡಂ. ನಮ್ಮ ಅಂಗಡಿಯಲ್ಲಿ ಅದನ್ನು ಕೆ.ಜಿ. ಲೆಕ್ಕದಲ್ಲಿ ಕೊಡುವುದು. ಒಂದು ಕೆ.ಜಿ. ಕದಳಿ, ಒಂದು ಕೆ.ಜಿ. ದ್ರಾಕ್ಷಿ, ಎರಡೂ ಒಂದೇ ತೂಕ ಅಲ್ವಾ? ಮೋಲ್ ಸಹ ಹಾಗೇ ಒಂದು ತೂಕ ಅಂತ ಗ್ರಹಿಸಿದೆ."

ಮೇಡಂ ತಬ್ಬಿಬ್ಬಾದರು. ಈ ಸೀಮೆಯಲ್ಲಿ ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ಕೊಳ್ಳುವವರು ಯಾರು? ಯಾವುದೋ ಪುಸ್ತಕದ ಮಾತನ್ನು ಇಷ್ಟು ವರ್ಷ ಗಿಳಿಪಾಠದಂತೆ ಒಪ್ಪಿಸಿದ್ದರು.

ಮಲ್ಲಿಗೆಯ ಅಟ್ಟೆ ಗೊತ್ತುಂಟಲ್ಲ ಎಂದು ಕೇಳಿದರು. ಅಕ್ಕನ ಮದುವೆಗೆ ತರಿಸಿದ್ದರಿಂದ ಜಸ್ನಾಗೆ ಗೊತ್ತಿತ್ತು: ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಚೆಂಡಿಗೆ ಇಷ್ಟು ಮೊಗ್ಗೆಂದು ಎಣಿಸಿಯೇ ಕಟ್ಟುವುದು. ಮೊಗ್ಗು ಸಣ್ಣದಾದರೆ ಅಟ್ಟೆ ಹಗುರ, ದಪ್ಪವಾದರೆ ಭಾರ, ಎಣಿಕೆ ಬದಲಾಗದು. ಮೋಲ್ ಸಹ ಹೀಗೆಯೇ: ಹೈಡ್ರೋಜನ್ ಪರಮಾಣು ಸಣ್ಣ ಮೊಗ್ಗು, ಅದರ ಒಂದು ಮೋಲಿಗೆ ಸುಮಾರು ಒಂದು ಗ್ರಾಂ. ಆಕ್ಸಿಜನ್ನಿನದು ದಪ್ಪ, ಹದಿನಾರು ಗ್ರಾಂ. ಪರಮಾಣುಗಳನ್ನು ಕೈಯಲ್ಲಿ ಎಣಿಸಲಾಗದ್ದಕ್ಕೇ ತೂಗಿ ಎಣಿಕೆ ತಿಳಿಯುವುದು ಎಂದರು ಮೇಡಂ.

"ಹಾಗಾದ್ರೆ ಮೋಲ್ ಅಂದ್ರೆ ತೂಕ ಅಲ್ಲ, ಎಣಿಕೆ," ಎಂದಳು ಜಸ್ನಾ. ಅಲ್ಲೇ ಕೂತು ಲೆಕ್ಕಗಳನ್ನು ಮತ್ತೆ ಮಾಡಿದಳು. ಎಲ್ಲವೂ ಸರಿ ಬಂದವು. ಮೊದಲೇ ಯಾಕೆ ಕೇಳಲಿಲ್ಲ ಎಂದಾಗ ತಲೆ ತಗ್ಗಿಸಿದಳು.

"ಬೇರೆ ಯಾರೂ ಕೇಳ್ಲಿಲ್ಲ ಮೇಡಂ. ನನಗೊಬ್ಬಳಿಗೇ ಗೊತ್ತಾಗದ್ದು ಅಂತ ನಾಚಿಕೆ ಆಯ್ತು."

ಆ ಮಾತು ಬಸ್ಸಿನಲ್ಲಿ ಮನೆಯವರೆಗೂ ಮೇಡಂ ಅವರನ್ನು ಕೊರೆಯಿತು. ಹಿಂದಿನ ವರ್ಷಗಳಲ್ಲಿ ಹೀಗೆಯೇ ಸದ್ದಿಲ್ಲದೆ ವಿಜ್ಞಾನ ಬಿಟ್ಟುಹೋದವರ ಮುಖಗಳು ನೆನಪಾಗಿ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು.

ಶನಿವಾರ ಜಸ್ನಾ ತನ್ನ ಬೆಂಚಿನಲ್ಲೇ ಇದ್ದಳು. ಮೇಡಂ ಪುಸ್ತಕ ಮುಚ್ಚಿಟ್ಟು, ಮೋಲ್ ಎಂದರೆ ಒಂದು ತೂಕ ಎಂದುಕೊಂಡವರು ಕೈ ಎತ್ತಿ, ಬಯ್ಯುವುದಿಲ್ಲ ಎಂದರು. ಯಾರೂ ಅಲುಗಾಡಲಿಲ್ಲ. ಆಗ ಜಸ್ನಾ ಕೈ ಎತ್ತಿದಳು, ಈಗ ಸರಿ ಉತ್ತರ ಗೊತ್ತಿದ್ದೂ ಎತ್ತಿದಳು. ಅವಳ ಪಕ್ಕದಲ್ಲಿ ದೀಕ್ಷಿತಾಳ ಕೈ ಅನುಮಾನಿಸುತ್ತಾ ಎದ್ದಿತು, ಆಮೇಲೆ ಹಿಂದಿನ ಬೆಂಚಿನ ಅಶ್ವಿತನದು, ನೋಡನೋಡುತ್ತ ಅರ್ಧ ತರಗತಿಯದು.