ಸುಣ್ಣದ ಗುಂಡಿಯಲ್ಲಿ ಬೆಂದ ಗೆಣಸು

ಅಂತೋಣಿಯಮ್ಮನಂಥ ಬಾಯಿಬಡಕಿಯನ್ನು ನಾನು ಈ ಮೈಸೂರಲ್ಲಿ ಇನ್ನೊಬ್ಬಳನ್ನು ಕಾಣೆ. ‘ನಿನ್ನನ್ನು ಬಿಟ್ಟು’ ಎಂದು ನಮ್ಮ ಯಜಮಾನರು ಸೇರಿಸುತ್ತಾರೆ. ಸೇರಿಸಲಿ, ನನಗೇನು!

ಆಕೆ ಗಾರೆ ಕೆಲಸದವಳು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದು ಅರಳಿಸಿ, ಮರಳು ಬೆರೆಸಿ ಅರೆದು, ಗೋಡೆ ಕಟ್ಟುವವರಿಗೆ ಗಾರೆ ಹದ ಮಾಡಿಕೊಡುವುದು ಹದಿನೈದನೇ ವಯಸ್ಸಿನಿಂದ ಹಿಡಿದ ಕಸುಬು. ಗಂಡ ಸವರಿಯಪ್ಪ ಬೇಗ ತೀರಿಕೊಂಡ. ಭಾನುವಾರ ಚರ್ಚಿಗೆ ಹೋಗುವಾಗ ಒಗೆದ ಬಿಳೀ ಸೀರೆ. ಮಿಕ್ಕ ದಿನ ಯಾವ ಬಣ್ಣದ್ದು ಉಟ್ಟರೂ ಸಂಜೆಗೆ ಬಿಳಿಯೇ.

ಇಪ್ಪತ್ತಾರನೇ ಇಸವಿಯಲ್ಲಿ ನಾವು ದೇವರಾಜ ಮೊಹಲ್ಲಾದಲ್ಲಿ ಮನೆ ಕಟ್ಟಿಸಲು ಹೊರಟೆವು. ಆಗ ನಾನು ಐದು ತಿಂಗಳ ಬಸುರಿ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಬೀದಿಯ ವಸಂತಮ್ಮನ ಹೊಸ ಗೋಡೆ ನೆನೆದ ಹಪ್ಪಳದ ಹಾಗೆ ಕುಸಿದುಬಿದ್ದಿತ್ತು. ಪುಣ್ಯಕ್ಕೆ ತೊಟ್ಟಿಲು ಆಚೆ ಕೋಣೆಯಲ್ಲಿತ್ತು, ಕೂಸು ಉಳಿಯಿತು. ಅದನ್ನು ಕಣ್ಣಾರೆ ಕಂಡ ಮೇಲೆ ನನಗೆ ನಿದ್ದೆಯೇ ಇಲ್ಲ. ನನ್ನ ಮಗುವಿನ ತೊಟ್ಟಿಲು ತೂಗುವ ತೊಲೆ ಎಂಥ ಗೋಡೆಯ ಮೇಲೆ ಕೂರುತ್ತದೋ ಎಂಬುದೇ ಚಿಂತೆ.

ಸುಣ್ಣ ತಂದು ಹಾಕುವುದೂ, ಆಳು ಕರೆತರುವುದೂ ಲಿಂಗಯ್ಯನವರ ಗುತ್ತಿಗೆ. ನಮ್ಮ ಮಠದ ಭಕ್ತರೇ, ಹಣೆ ತುಂಬ ವಿಭೂತಿ. ಸುಣ್ಣ ಪರೀಕ್ಷೆ ಮಾಡಿಸಿ ಎಂದು ನಾನು ಹೇಳಿದರೆ ಯಜಮಾನರು ನಾಲಿಗೆ ಕಚ್ಚಿಕೊಂಡರು. ‘ಮಠದಲ್ಲಿ ಒಂದೇ ಪಂಕ್ತೀಲಿ ಕೂತು ಉಣ್ಣೋರು ಕಣೇ ನಾವು. ಅವರ ಮೇಲೆ ಅನುಮಾನ ಪಡೋದು ಎಂಗೆ?’ ನನಗೆ ಮೈ ಉರಿದುಹೋಯಿತು. ಪಂಕ್ತಿಗೂ ಗೋಡೆಗೂ ಏನು ಸಂಬಂಧ, ನೀವೇ ಹೇಳಿ!

ಅಂತೋಣಿಯಮ್ಮನದೊಂದು ಪದ್ಧತಿ. ಸುಣ್ಣ ಅರಳಿಸುವ ಮೊದಲ ದಿನ ಮನೆಯೊಡತಿಯಿಂದ ಮಡಕೆ, ಗೆಣಸು ಇಸಿದುಕೊಂಡು, ಗೆಣಸನ್ನು ಒಳಗೆ ಹಾಕಿ ಮಡಕೆಯ ಬಾಯಿಗೆ ಮಣ್ಣು ಮೆತ್ತಿ ಸುಣ್ಣದ ಗುಂಡಿಯೊಳಗೆ ಇಡುವಳು. ಶಿಲುಬೆಯ ಗುರುತು ಹಾಕಿಕೊಂಡು ನೀರು ಹೊಯ್ಯುವಳು. ಒಳ್ಳೆಯ ಸುಣ್ಣವಾದರೆ ಗುಂಡಿ ಕೊತಕೊತ ಕುದಿದು ಗೆಣಸು ಬೆಣ್ಣೆಯಂತಾಗುತ್ತದೆ. ಮೊದಲ ತುಂಡು ಮನೆಯೊಡತಿಗೆ.

ನಮ್ಮ ಗುಂಡಿ ಒಂದೆರಡು ಸಲ ಬುಸ್ ಎಂದು ತಣ್ಣಗಾಯಿತು. ಮಡಕೆ ತೆಗೆದರೆ ಉಗುರುಬೆಚ್ಚಗೂ ಇಲ್ಲ. ಆಕೆ ನನ್ನನ್ನು ಪಕ್ಕಕ್ಕೆ ಕರೆದಳು.

‘ಅಮ್ಮಾವ್ರೆ, ಈ ಸುಣ್ಣ ಗಾಳೀಲಿ ಬಿದ್ದು ಬಿದ್ದು ಸತ್ತೋಗ್ಯದೆ. ಇದ್ರಲ್ಲಿ ಕಟ್ಟಿದ್ ಗೋಡೆ ನಿಲ್ಲಾಕಿಲ್ಲ ಕಣ್ರೀ. ನಾನು ಹೇಳ್ದೆ ಅಂತ ಗೊತ್ತಾದ್ರೆ ಲಿಂಗಯ್ಯನೋರು ನನ್ನ ಇನ್ಯಾವ ಕಟ್ಟಡಕ್ಕೂ ಕರೆಯಾಕಿಲ್ಲ. ನಿಮ್ಮ ಹೊಟ್ಟೆ ನೋಡಿ ತಡೀನಾರ್ದೆ ಹೇಳ್ಬುಟ್ಟೆ.’

‘ನಿನ್ನ ಹೆಸರು ಎತ್ತಲ್ಲ, ಸುಮ್ನಿರು’ ಎಂದೆ.

ಸಂಜೆ ಲಿಂಗಯ್ಯನವರು ನಾವಿದ್ದ ಬಾಡಿಗೆ ಮನೆಗೆ ಬಂದರು. ಮಣೆ ಹಾಕಿ, ಎಲೆ ಹಾಸಿ, ಬೆಲ್ಲದ ಜೊತೆಗೆ ಅದೇ ಗೆಣಸನ್ನು ಬಡಿಸಿದೆ. ಬಡಿಸಿದ್ದು ಪ್ರಸಾದ, ಎಲೆಯಲ್ಲಿ ಚೂರೂ ಬಿಡುವಂತಿಲ್ಲ ಎನ್ನುವುದು ನಮ್ಮ ಮಠದ ಕಟ್ಟುನಿಟ್ಟು. ಅವರು ಕಚ್ಚಿದರು. ಕಟುಂ ಎಂದ ಸದ್ದು ಜಗುಲಿಯಲ್ಲಿದ್ದ ಯಜಮಾನರಿಗೂ ಕೇಳಿಸಿತು. ಉಗಿಯುವ ಹಾಗಿಲ್ಲ, ನುಂಗಲಾಗುತ್ತಿಲ್ಲ. ಪಾಪ, ಅಗಿದರು, ಅಗಿದರು, ಅಗಿಯುತ್ತಲೇ ಇದ್ದರು.

‘ಯಾಕ್ರೀ ಲಿಂಗಯ್ಯನೋರೆ, ಬೆಂದಿಲ್ವಾ? ಗೆಣಸು ನಂದು, ಮಡಕೆ ನಂದು, ಬಿಸಿ ಮಾತ್ರ ನಿಮ್ಮ ಸುಣ್ಣದ್ದು. ಈ ಬಿಸೀಲಿ ಗೆಣಸೇ ಬೇಯಲಿಲ್ಲ, ನನ್ನ ಕೂಸಿನ ತಲೆ ಮೇಲೆ ಗೋಡೆ ನಿಲ್ಲುತ್ತಾ?’

ಅವರ ಮುಖ ಕೆಂಪಾಯಿತು. ಎಲೆ ಪೂರ್ತಿ ಖಾಲಿ ಮಾಡಿ, ಎರಡು ಚೊಂಬು ನೀರು ಕುಡಿದು ಕೈ ಮುಗಿದರು. ‘ತಪ್ಪಾಯ್ತು ತಾಯಿ. ಸುಣ್ಣ ಸುಡೋ ಗೂಡಿಂದ ನೇರ ಬೇರೆ ತರಿಸ್ತೀನಿ. ದಮ್ಮಯ್ಯ, ಇನ್ನೊಂದು ಗೆಣಸು ಮಾತ್ರ ಬಡಿಸ್ಬೇಡಿ!’ ಜಗುಲಿಯಲ್ಲಿ ಯಜಮಾನರು ಗೊಳ್ಳೆಂದು ನಕ್ಕರು. ಪರೀಕ್ಷೆ ಮಾಡಿಸಲು ನಾಚಿದವರಿಗೆ ನಗಲು ನಾಚಿಕೆಯಾಗಲಿಲ್ಲ ನೋಡಿ.

ಹೊಸ ಸುಣ್ಣದ ಗುಂಡಿ ಕುದಿದ ಸದ್ದಿಗೆ ಕಾಗೆಗಳೆಲ್ಲ ಹಾರಿಹೋದವು. ಗೆಣಸು ಮುಟ್ಟಿದರೆ ಸಿಪ್ಪೆ ಬಿಡುತ್ತಿತ್ತು. ಮೊದಲ ತುಂಡು ನನ್ನದು. ಆ ಮನೆಯಲ್ಲೇ ಕಮಲ ಹುಟ್ಟಿದಳು, ತೊಟ್ಟಿಲು ತೂಗಿದೆವು. ಹನ್ನೆರಡು ಮಳೆಗಾಲ ಕಳೆದವು, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿಲ್ಲ. ಸುದ್ದಿ ಮೊಹಲ್ಲಾ ತುಂಬ ಹಬ್ಬಿ, ಮನೆ ಕಟ್ಟಿಸುವ ಹೆಂಗಸರು ಸೆರಗಿನಲ್ಲಿ ಗೆಣಸು ಕಟ್ಟಿಕೊಂಡು ಅಂತೋಣಿಯಮ್ಮನನ್ನು ಹುಡುಕಿ ಬರತೊಡಗಿದರು.

ಹೋದ ತಿಂಗಳು ಆಕೆ ಕೆಸರೆಯಲ್ಲಿ ತನಗೇ ಒಂದು ಕೋಣೆ ಕಟ್ಟಿಸಲು ಶುರುಮಾಡಿದಳು. ಅಷ್ಟು ವರ್ಷ ಇದ್ದದ್ದು ಮಣ್ಣುಗೋಡೆಯ ಗುಡಿಸಲಲ್ಲಿ. ನಾನು ಹೋದಾಗಲೇ ಸುಣ್ಣದ ಗಾಡಿಯೂ ಬಂತು. ಮುಂದೆ ಕೂತಿದ್ದವರು ಲಿಂಗಯ್ಯನವರು! ಮೀಸೆ ನರೆತಿದೆ. ಇಳಿದವರೇ ಹೆಗಲ ಮೇಲಿನ ವಲ್ಲಿಯ ಗಂಟು ಬಿಚ್ಚಿ ಗೆಣಸು ತೆಗೆದರು.

‘ತಗೋ ಅಂತೋಣಿಯಮ್ಮ, ಇಟ್ಟು ನೋಡು. ಅವತ್ತು ಹೇಳ್ಕೊಟ್ಟೋಳು ನೀನೇ ಅಂತ ಆ ಗೆಣಸು ಕಚ್ಚಿದಾಗ್ಲೇ ಗೊತ್ತಾಯ್ತು ಕಣಮ್ಮ.’

ಗೊತ್ತಿದ್ದೂ ಹನ್ನೆರಡು ವರ್ಷ ಒಂದು ಕಟ್ಟಡಕ್ಕೂ ಆಕೆಯನ್ನು ಕರೆಯದೆ ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಗುಂಡಿ ಕೊತಕೊತ ಕುದಿಯಿತು. ಮಡಕೆ ಒಡೆದು ಆಕೆ ಅಭ್ಯಾಸದಂತೆ ಮೊದಲ ತುಂಡನ್ನು ನನಗೆ ಚಾಚಿದಳು. ನಾನು ಗದರಿದೆ: ‘ಏ, ಈ ಮನೆಯೊಡತಿ ಯಾರು? ತಿನ್ನು!’ ಅಷ್ಟು ಮಾತಾಡುವ ಹೆಂಗಸು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು, ಒಂದು ಮಾತೂ ಆಡದೆ ಅಳುತ್ತ ನಗುತ್ತ ಕೂತಳು.